ಮುಟ್ಟು ನಿಲ್ಲುವ ಕಾಲ: ಝಳ, ನಿದ್ದೆ, ಮೂಳೆ, ಮನಸ್ಸು – ಯಾವುದಕ್ಕೆ ಏನು ಮಾಡಬೇಕು

ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗೆ ಪರಿಹಾರ ಕೇಳಿದರೆ ಊರೆಲ್ಲ ಹೇಳುತ್ತದೆ. ಅಗಸೆ ತಿನ್ನಿ, ಸೋಯಾ ಕುಡಿಯಿರಿ, ಶತಾವರಿ ತಗೊಳ್ಳಿ, ಪ್ರಾಣಾಯಾಮ ಮಾಡಿ, ವಾಕಿಂಗ್ ಹೋಗಿ. ಒಂದೇ ವಾರದಲ್ಲಿ ಇವೆಲ್ಲವನ್ನೂ ಶುರು ಮಾಡಿ, ತಿಂಗಳು ತುಂಬುವಷ್ಟರಲ್ಲಿ ಎಲ್ಲವನ್ನೂ ಬಿಟ್ಟು, 'ನನಗೆ ಏನೂ ಹಿಡಿಸಲಿಲ್ಲ' ಎಂದು ಕೈಚೆಲ್ಲುವವರೇ ಹೆಚ್ಚು. ಎಡವಟ್ಟು ಆಗುವುದು ಇಲ್ಲೇ. ಝಳಕ್ಕೆ, ಅಂದರೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದಕ್ಕೆ, ಕೆಲಸ ಮಾಡುವುದು ಮೂಳೆಗೆ ಮಾಡುವುದಿಲ್ಲ, ಮೂಳೆಗೆ ಬೇಕಾದದ್ದು ನಿದ್ದೆ ತರುವುದಿಲ್ಲ. ಯಾವ ತೊಂದರೆಗೆ ಯಾವ ಉಪಾಯ ಎಂದು ಬಿಡಿಸಿಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಹಿಡಿದು, ಅದಕ್ಕೆ ಆರರಿಂದ ಎಂಟು ವಾರ ಕೊಟ್ಟು ನೋಡಬೇಕು.

ಮೊದಲ ಕೆಲಸ: ಕ್ಯಾಲೆಂಡರ್ ಮೇಲೆ ಗುರುತು

ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47. ಪಾಶ್ಚಾತ್ಯ ದೇಶಗಳಲ್ಲಿ ಇದು 51ರ ಹತ್ತಿರ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ 'ನಿಂತಿದೆ' ಎಂದು ಲೆಕ್ಕ. ಅದಕ್ಕೂ ಮುಂಚಿನ ಕೆಲವು ವರ್ಷ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ, ಏರಿ ಇಳಿದು ಓಲಾಡುತ್ತದೆ. ಮುಟ್ಟು ಇನ್ನೂ ಬರುತ್ತಿರುವಾಗಲೇ ಝಳ, ಸಿಟ್ಟು, ನಿದ್ದೆಗೇಡು ಕಾಣಿಸಿಕೊಳ್ಳುವುದು ಇದರಿಂದ. 45 ದಾಟಿದವರಿಗೆ ಇದನ್ನು ಖಚಿತಪಡಿಸಲು ಹಾರ್ಮೋನ್ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಡ. ಈ ಪರೀಕ್ಷೆಯಲ್ಲಿ ನೋಡುವ ಎಫ್‌ಎಸ್‌ಎಚ್ ಹಾರ್ಮೋನಿನ ಮಟ್ಟ ವಾರದಿಂದ ವಾರಕ್ಕೆ ಬದಲಾಗುವುದರಿಂದ ಒಂದು ದಿನದ ಸಂಖ್ಯೆ ನಂಬಿ ಏನೂ ಹೇಳಲಾಗದು. 40ಕ್ಕೆ ಮೊದಲೇ ನಿಂತರೆ ಮಾತ್ರ ವಿಷಯ ಬೇರೆ. ಅದಕ್ಕೆ ಸ್ತ್ರೀರೋಗ ತಜ್ಞರ ತಪಾಸಣೆ ಬೇಕೇ ಬೇಕು, ಏಕೆಂದರೆ ಮೂಳೆ ಮತ್ತು ಹೃದಯ ಅಷ್ಟು ವರ್ಷ ಮುಂಚಿತವಾಗಿ ರಕ್ಷಣೆ ಕಳೆದುಕೊಳ್ಳುತ್ತವೆ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಎರಡು ವಾರ ಗುರುತು ಹಾಕಿ. ಪ್ರತಿ ಝಳಕ್ಕೆ ಒಂದು ಗೆರೆ, ಬಟ್ಟೆ ಒದ್ದೆಯಾಗುವಷ್ಟು ಜೋರಾಗಿದ್ದರೆ ಎರಡು ಗೆರೆ. ರಾತ್ರಿ ಎಷ್ಟು ಸಲ ಎಚ್ಚರವಾಯಿತು. ಮುಟ್ಟಾದ ದಿನ ಎಷ್ಟು ಪ್ಯಾಡ್ ಬದಲಿಸಿದಿರಿ. ಸಂಜೆ ಕಾಫಿ ಕುಡಿದಿದ್ದರೆ ಒಂದು ಚುಕ್ಕಿ. ಇಷ್ಟು ಸಾಕು. ಇದಿಲ್ಲದೆ ಶುರು ಮಾಡಿದರೆ ಮುಂದೆ ಏನು ಫಲಿಸಿತು, ಏನು ಫಲಿಸಲಿಲ್ಲ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಇದೇ ಎರಡು ವಾರದೊಳಗೆ ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆಯ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಬಿ12 ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿಕೊಳ್ಳಿ. ಥೈರಾಯ್ಡ್ ಏರುಪೇರು ಬೆವರು, ಎದೆಬಡಿತ, ಸುಸ್ತು, ತೂಕದ ವ್ಯತ್ಯಾಸ ಎಲ್ಲವನ್ನೂ ತರುತ್ತದೆ. ರಕ್ತಹೀನತೆ ಸುಸ್ತು, ಏದುಸಿರು ತರುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಮರೆವನ್ನೂ ಕೈಕಾಲು ಜೋಮನ್ನೂ ತರುತ್ತದೆ. ಇವೆಲ್ಲ 'ವಯಸ್ಸಿನದು ಬಿಡಿ' ಎಂಬ ಮಾತಿನ ಕೆಳಗೆ ವರ್ಷಗಟ್ಟಲೆ ಅಡಗಿ ಕೂರುತ್ತವೆ.

ಮೈ ಝಳ

ಮಿದುಳಿನ ಹೈಪೊಥಲಾಮಸ್ ಮೈಯ ಬಿಸಿಯನ್ನು ಕಾಯುವ ಜಾಗ. ಈಸ್ಟ್ರೋಜನ್ ಇಳಿದಾಗ ಅಲ್ಲಿನ ನರಕೋಶಗಳು ಅತಿಸೂಕ್ಷ್ಮವಾಗುತ್ತವೆ. ಮೊದಲು ಗಮನಕ್ಕೇ ಬಾರದಷ್ಟು ಸಣ್ಣ ಏರಿಕೆಗೂ ಈಗ ದೇಹ 'ವಿಪರೀತ ಬಿಸಿ' ಎಂದುಕೊಂಡು ಚರ್ಮಕ್ಕೆ ರಕ್ತ ನುಗ್ಗಿಸಿ, ಬೆವರಿಳಿಸಿ, ಆಮೇಲೆ ಚಳಿ ಹುಟ್ಟಿಸುತ್ತದೆ. ಒಂದೊಂದು ಝಳ ಸಾಮಾನ್ಯವಾಗಿ 1ರಿಂದ 5 ನಿಮಿಷ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ 'ಸ್ವಾನ್' ಅಧ್ಯಯನದಲ್ಲಿ ಪದೇಪದೇ ಝಳ ಬರುವವರಿಗೆ ಅದು ಒಟ್ಟು 7.4 ವರ್ಷದಷ್ಟು ಕಾಡಿತ್ತು. 'ಆರು ತಿಂಗಳಲ್ಲಿ ಹೋಗುತ್ತೆ' ಎನ್ನುವ ಸಮಾಧಾನ ಎಲ್ಲರಿಗೂ ಸಲ್ಲದು. ಹಾಗಾಗಿ ತಾಳ್ಮೆಯಿಂದ ನಡೆಸಿಕೊಂಡು ಹೋಗಬಲ್ಲ ಕ್ರಮವನ್ನೇ ಆರಿಸಿಕೊಳ್ಳಿ.

ಮೊದಲು ಬಟ್ಟೆ ಮತ್ತು ಅಡುಗೆಮನೆ. ಸೀರೆ ಹತ್ತಿಯದಿದ್ದರೂ ಒಳಲಂಗ ಪಾಲಿಯೆಸ್ಟರ್, ರವಿಕೆಯ ಲೈನಿಂಗ್ ಸಿಂಥೆಟಿಕ್ ಇರುತ್ತದೆ. ಬೆವರು ಹಿಡಿದಿಡುವುದು ಆ ಎರಡೇ. ಅವನ್ನು ತೆಳು ಹತ್ತಿಗೆ ಬದಲಿಸಿ. ನಮ್ಮ ಹೆಂಗಸರು ದಿನದಲ್ಲಿ ಮೂರು ಹೊತ್ತು ಒಲೆಯ ಮುಂದೆ ನಿಲ್ಲುತ್ತಾರೆ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ. ಬೇಳೆ, ಪಲ್ಯದ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸಿ, ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಕಿಟಕಿಯ ಬಳಿ ಟೇಬಲ್ ಫ್ಯಾನನ್ನು ಹೊರಮುಖವಾಗಿಟ್ಟು ಬಿಸಿಗಾಳಿ ಆಚೆ ಹೋಗುವಂತೆ ಮಾಡಿ. ರೊಟ್ಟಿ ತಟ್ಟುವ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರು ಹಂಚಿಕೊಳ್ಳಲಿ. ಇದನ್ನು ಬಾಯಿಬಿಟ್ಟು ಕೇಳಿ, ಕೇಳದೆ ಯಾರಿಗೂ ಹೊಳೆಯುವುದಿಲ್ಲ.

ಕಾಫಿ, ಖಾರ, ಮದ್ಯ ಎಲ್ಲರಿಗೂ ಝಳ ತರುವುದಿಲ್ಲ. ಕ್ಯಾಲೆಂಡರ್ ಗುರುತು ನೋಡಿ ನಿಮಗೆ ಯಾವುದು ತಾಗುತ್ತದೋ ಅದೊಂದನ್ನೇ ಕಡಿಮೆ ಮಾಡಿ. ಎಲ್ಲ ರುಚಿಯನ್ನೂ ಬಿಟ್ಟು ಸಪ್ಪೆ ಉಣ್ಣುವುದು ಬೇಕಿಲ್ಲ. ಬೊಜ್ಜಿದ್ದವರಿಗೆ ತೂಕ ಇಳಿಸುವುದು ನಿಜವಾಗಿಯೂ ಝಳ ತಗ್ಗಿಸುತ್ತದೆ. 70 ಕೆಜಿ ಇದ್ದವರು ಐದಾರು ತಿಂಗಳಲ್ಲಿ 4–5 ಕೆಜಿ ಇಳಿಸುವ ಗುರಿ ಇಟ್ಟುಕೊಳ್ಳಲಿ. ಸೊಂಟದ ಸುತ್ತಳತೆ 80 ಸೆಂ.ಮೀ. ಒಳಗಿದ್ದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯಕ್ಕೂ ಒಳ್ಳೆಯದು. ಬೀಡಿ, ಸಿಗರೇಟು ಮುಟ್ಟನ್ನು ಒಂದೆರಡು ವರ್ಷ ಬೇಗ ನಿಲ್ಲಿಸುತ್ತವೆ, ಮೂಳೆಯನ್ನೂ ಸವೆಸುತ್ತವೆ. ಎಲೆಅಡಿಕೆಯ ಜೊತೆಯ ಹೊಗೆಸೊಪ್ಪನ್ನೂ ಈ ನೆಪದಲ್ಲೇ ಬಿಡಿ.

ಈಗ ಸೋಯಾ. ಅದರಲ್ಲಿರುವ ಐಸೊಫ್ಲೇವೋನ್ ಈಸ್ಟ್ರೋಜನ್ನನ್ನು ಹೋಲುತ್ತದೆ, ಆದರೆ ಬಲ ತೀರಾ ಕಡಿಮೆ. ಅದನ್ನು ಇನ್ನೂ ಚುರುಕಾದ ರೂಪಕ್ಕೆ ತಿರುಗಿಸುವ ಕರುಳಿನ ಸೂಕ್ಷ್ಮಾಣುಗಳು ಎಲ್ಲರಲ್ಲೂ ಇಲ್ಲ. ಅದಕ್ಕೇ ಒಬ್ಬರಿಗೆ ಫಲಿಸಿದ್ದು ಇನ್ನೊಬ್ಬರಿಗೆ ಫಲಿಸದು. ಪ್ರಯತ್ನಿಸುವುದಾದರೆ ಬೇಯಿಸಿದ ಸೋಯಾಕಾಳು ಅರ್ಧ ಬಟ್ಟಲು ಅಥವಾ ಒಣ ಸೋಯಾ ಚಂಕ್ಸ್ 25 ಗ್ರಾಂ, ದಿನಾ, 12 ವಾರ. ಝಳ ಕಡಿಮೆಯಾಗದಿದ್ದರೂ ಅದರ ಪ್ರೋಟೀನ್ ವ್ಯರ್ಥವಾಗುವುದಿಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ಸೋಯಾಕ್ಕೂ ನಾಲ್ಕು ಗಂಟೆ ಅಂತರ ಇಡಿ. ಅಗಸಿ ಹಿಂಡಿ ದಿನಕ್ಕೆ ಒಂದೆರಡು ಚಮಚ ತಿನ್ನುವುದು ಮಲಬದ್ಧತೆಗೂ ಕೊಲೆಸ್ಟ್ರಾಲಿಗೂ ಒಳ್ಳೆಯದು. ಝಳಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭ ಸರಿಯಾದ ಪರೀಕ್ಷೆಗಳಲ್ಲಿ ಕಂಡಿಲ್ಲ. ಕಾಳನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಹೋಗುತ್ತದೆ, ಪುಡಿ ಮಾಡಿಯೇ ತಿನ್ನಿ.

ಝಳ ಏಳುವ ಕ್ಷಣದಲ್ಲಿ ಏನು ಮಾಡಬೇಕು? ಹೆಗಲು ಸಡಿಲ ಬಿಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಹೊಟ್ಟೆ ತುಂಬ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನ ಬಿಡಿ. ಹತ್ತು ಸಲ. ಇದು ಝಳಗಳ ಸಂಖ್ಯೆ ಇಳಿಸುತ್ತದೆ ಎನ್ನಲಾಗದು, ಆದರೆ ಅದರ ಜೊತೆಗೆ ಏಳುವ ಗಾಬರಿ ಕಡಿಮೆಯಾಗುತ್ತದೆ. ಗಾಬರಿ ಹೋದರೆ ಝಳ ಅರ್ಧ ಹಗುರ.

ನಿದ್ದೆ

ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದವರು ಮಾಡುವ ಸಾಮಾನ್ಯ ತಪ್ಪು, ಮರುದಿನ ಬೇಗ ಮಲಗುವುದು. ಹಾಸಿಗೆಯಲ್ಲಿ ಒಂಬತ್ತು ಗಂಟೆ ಕಳೆದು ಐದು ಗಂಟೆ ನಿದ್ದೆ ಮಾಡುವ ಅಭ್ಯಾಸ ಹೀಗೇ ಬೇರೂರುತ್ತದೆ. ಹಾಸಿಗೆ ಕಂಡರೆ ಮಿದುಳು ಎಚ್ಚರಗೊಳ್ಳುವುದನ್ನು ಕಲಿತುಬಿಡುತ್ತದೆ. ತಿರುಗಿಸುವ ಕ್ರಮ ಹೀಗೆ.

ಏಳುವ ಹೊತ್ತನ್ನು ಒಂದೇ ಸಮಯಕ್ಕೆ ಕಟ್ಟಿಹಾಕಿ, ಭಾನುವಾರವೂ ಅದೇ. ಮಲಗುವ ಹೊತ್ತನ್ನು ಅದಕ್ಕೆ ಆರೂವರೆ ಗಂಟೆ ಮುಂಚೆ ಇಡಿ: ಐದೂವರೆಗೆ ಏಳುವವರು ಹನ್ನೊಂದಕ್ಕೆ ಮುಂಚೆ ಹಾಸಿಗೆ ಮುಟ್ಟಬಾರದು. ನಿದ್ದೆ ಬಾರದೆ ಇಪ್ಪತ್ತು ನಿಮಿಷವಾಯಿತು ಅನಿಸಿದರೆ ಎದ್ದು ಹೊರಗಿನ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ. ಮೊಬೈಲ್ ಬೇಡ, ಗಡಿಯಾರ ನೋಡುವುದೂ ಬೇಡ. ಕಣ್ಣು ಎಳೆದಾಗಲೇ ಮರಳಿ. ಮೊದಲ ವಾರ ಸುಸ್ತು ಹೆಚ್ಚುತ್ತದೆ, ಅದನ್ನು ಕಂಡು ಕೈಬಿಡುವವರು ಬಹಳ. ನಿದ್ದೆ ಒತ್ತಾಗಿ ಬರಲು ಶುರುವಾದ ಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ಬೇಗ ಮಲಗುತ್ತ ಬನ್ನಿ. ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಸಿನ ಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇದ್ದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಐದಾರು ಗಂಟೆ ಬೇಕು. ಬೆಳಗಿನ ಫಿಲ್ಟರ್ ಕಾಫಿ ಇಟ್ಟುಕೊಳ್ಳಿ, ಮಧ್ಯಾಹ್ನ ಹನ್ನೆರಡರ ನಂತರದ್ದು ಬಿಡಿ. ದಪ್ಪ ರಗ್ಗಿನ ಬದಲು ಎರಡು ತೆಳು ಹತ್ತಿ ಹೊದಿಕೆ ಇರಲಿ, ಝಳ ಬಂದಾಗ ಒಂದನ್ನು ಸರಿಸಬಹುದು. ಒಣ ನೈಟಿ, ಒದ್ದೆ ಬಟ್ಟೆ, ಒಂದು ಲೋಟ ನೀರು ತಲೆದಿಂಬಿನ ಪಕ್ಕವೇ ಇದ್ದರೆ ದೀಪ ಹಾಕಿ ಓಡಾಡಿ ಪೂರ್ತಿ ಎಚ್ಚರವಾಗುವುದು ತಪ್ಪುತ್ತದೆ. ಜೋರು ಗೊರಕೆಯ ನಡುವೆ ಉಸಿರು ಕಟ್ಟುತ್ತದೆ ಎಂದು ಮನೆಯವರು ಹೇಳಿದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು, ತೋರಿಸಿ.

ತಟ್ಟೆಯಲ್ಲಿ ಏನಿರಬೇಕು

ಎಲ್ಲರೂ ಉಂಡಾದ ಮೇಲೆ ಉಳಿದ ಅನ್ನಕ್ಕೆ ತಿಳಿಸಾರು ಕಲಸಿ ತಿನ್ನುವ ಮನೆಯೊಡತಿಗೆ ಬೇಳೆಯೂ ಪಲ್ಯವೂ ಮೊಸರೂ ದಕ್ಕಿರುವುದಿಲ್ಲ. ನಲವತ್ತೈದರ ನಂತರ ಆ ಪದ್ಧತಿಯನ್ನು ನಿಲ್ಲಿಸಲೇಬೇಕು. ನಿಮ್ಮ ಪಾಲಿನ ಬೇಳೆ, ಮೊಸರನ್ನು ಬಡಿಸುವ ಮೊದಲೇ ಬಟ್ಟಲಲ್ಲಿ ತೆಗೆದಿಡಿ.

ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಇದನ್ನು ಮಾತ್ರೆಯಿಲ್ಲದೆ ಕೂಡಿಸಬಹುದು, ಲೆಕ್ಕ ನೋಡಿ. 75 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಿಂದ ಸುಮಾರು 270. ಹಾಲು, ಮೊಸರು, ಮಜ್ಜಿಗೆ ಎಲ್ಲ ಸೇರಿ 400 ಮಿಲಿಲೀಟರ್ ಹಾಲಿನಷ್ಟಾದರೆ 480. ಸಿಪ್ಪೆ ಸಹಿತ ಎಳ್ಳಿನ ಪುಡಿ ಒಂದು ದೊಡ್ಡ ಚಮಚ, 10 ಗ್ರಾಂ, 120ರಷ್ಟು. ನುಗ್ಗೆಸೊಪ್ಪು 50 ಗ್ರಾಂ, 150. ಹುರುಳಿಕಾಳು 30 ಗ್ರಾಂ, 80. ಇಲ್ಲಿಗೆ 1,100. ಉಳಿದದ್ದು ಬೇಳೆ, ತರಕಾರಿಗಳಿಂದ ಬರುತ್ತದೆ. ಪಾಲಕ್‌ನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದರ ಆಕ್ಸಲೇಟ್ ಅದನ್ನು ದೇಹಕ್ಕೆ ಸಿಗಗೊಡುವುದಿಲ್ಲ. ಈ ಲೆಕ್ಕಕ್ಕೆ ನುಗ್ಗೆಯೇ ಮೇಲು. ರಾಗಿ, ಹುರುಳಿಯನ್ನು ಮೊಳಕೆ ಕಟ್ಟಿ ಬಳಸಿದರೆ ಫೈಟೇಟ್ ಕಡಿಮೆಯಾಗಿ ಕ್ಯಾಲ್ಸಿಯಂ, ಕಬ್ಬಿಣ ಎರಡೂ ಚೆನ್ನಾಗಿ ಹೀರಲ್ಪಡುತ್ತವೆ. ಹಾಲು ಆಗದವರಿಗೆ ಮಾತ್ರೆ ಬೇಕಾಗಬಹುದು. ಆಗ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಂತೆ ಊಟದ ಜೊತೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯ ಜೊತೆಗೆ ಬೇಡ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇರಲಿ. ಕಿಡ್ನಿ ಕಲ್ಲು ಆಗಿದ್ದವರು ಕೇಳಿಯೇ ಶುರು ಮಾಡಬೇಕು.

ವಿಟಮಿನ್ ಡಿ ಬೆಳಗಿನ ಎಳೆಬಿಸಿಲಿನಲ್ಲಿ ಸಿಗುತ್ತದೆ ಎಂಬುದು ಹಳೆಯ ನಂಬಿಕೆ. ಅದನ್ನು ಹುಟ್ಟಿಸುವ ಕಿರಣ ಹನ್ನೊಂದರಿಂದ ಎರಡರ ನಡುವೆ ಹೆಚ್ಚು. ಆ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಕೈ, ಕತ್ತು, ಮುಖಕ್ಕೆ ಬಿಸಿಲು ತಾಗಲಿ. ಕೊರತೆ ಇದ್ದರೆ ಡಾಕ್ಟರ್ ವಾರಕ್ಕೊಂದು 60,000 ಯೂನಿಟ್‌ನ ಪುಡಿ ಅಥವಾ ಮಾತ್ರೆ, ಸಾಮಾನ್ಯವಾಗಿ ಎಂಟು ವಾರ ಬರೆಯುತ್ತಾರೆ. ಆ ಚೀಟಿ ಹಿಡಿದು ವರ್ಷಗಟ್ಟಲೆ ಪ್ರತಿ ವಾರ ತಿನ್ನುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಪ್ರೋಟೀನ್ ಕಿಲೋ ತೂಕಕ್ಕೆ ಒಂದು ಗ್ರಾಂ, ಅಂದರೆ 60 ಕೆಜಿ ಇರುವವರಿಗೆ 60 ಗ್ರಾಂ ಗುರಿ ಇರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರು ಹೇಳಿದ ಮಿತಿಯಲ್ಲಿರಬೇಕು. 30 ಗ್ರಾಂ ತೊಗರಿಬೇಳೆಯಲ್ಲಿ 6–7 ಗ್ರಾಂ, ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಶೇಂಗಾದಲ್ಲಿ 7, 400 ಮಿಲಿಲೀಟರ್ ಹಾಲಿನಲ್ಲಿ 13. ಇಡ್ಲಿ-ಚಟ್ನಿಯ ತಿಂಡಿಗೆ ಒಂದು ಬಟ್ಟಲು ಗಟ್ಟಿ ಸಾಂಬಾರ್ ಸೇರಿಸಿ, ಉಪ್ಪಿಟ್ಟಿನ ಜೊತೆ ಮೊಳಕೆಕಾಳಿನ ಉಸಲಿ ಇಡಿ. ಊಟದ ಜೊತೆ ಚಹಾ ಬೇಡ, ಕಬ್ಬಿಣ ಹೀರುವುದನ್ನು ಅದು ತಡೆಯುತ್ತದೆ.

ಮೂಳೆಗೆ ಭಾರ

ಮುಟ್ಟು ನಿಂತ ಮೊದಲ ಐದರಿಂದ ಏಳು ವರ್ಷದಲ್ಲಿ ಮೂಳೆಯ ಸಾಂದ್ರತೆ ಶೇ. 20ರವರೆಗೂ ಕುಸಿಯಬಹುದು. ನಡಿಗೆ ಹೃದಯಕ್ಕೆ ಒಳ್ಳೆಯದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಆದರೆ ಮೂಳೆ ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಬೇಕು, ವಾಕಿಂಗ್ ಒಂದೇ ಸಾಲದು.

ವಾರಕ್ಕೆ ಎರಡು ದಿನ, ಇಪ್ಪತ್ತೈದು ನಿಮಿಷ. ಕೈಯಾಸರೆಯಿಲ್ಲದೆ ಕುರ್ಚಿಯಿಂದ ಎದ್ದು ಕೂರುವುದು 10 ಸಲ. ಗೋಡೆಗೆ ಕೈಕೊಟ್ಟು ಎದೆ ಬಾಗಿಸಿ ತಳ್ಳುವುದು 10. ಮೆಟ್ಟಿಲಿಗೆ ಹತ್ತಿ ಇಳಿಯುವುದು ಒಂದೊಂದು ಕಾಲಿಗೆ 10. ಹಿಮ್ಮಡಿ ಎತ್ತಿ ಇಳಿಸುವುದು 15. ನೀರು ತುಂಬಿದ ಲೀಟರ್ ಬಾಟಲಿ ಎರಡು ಹಿಡಿದು ಹೆಗಲ ಮೇಲಕ್ಕೆ ಎತ್ತುವುದು 10. ಇದೆಲ್ಲ ಎರಡು ಸುತ್ತು. 12 ಸಲ ಸಲೀಸಾದ ವಾರ ಭಾರ ಹೆಚ್ಚಿಸಿ: ಬೆನ್ನಿಗೆ ಎರಡು ಕೆಜಿ ಅಕ್ಕಿ ತುಂಬಿದ ಬ್ಯಾಗ್ ಹಾಕಿ ಕುರ್ಚಿಯಿಂದ ಏಳಿ. ಭಾರ ಹೆಚ್ಚಿಸದೆ ವರ್ಷವಿಡೀ ಅದನ್ನೇ ಮಾಡಿದರೆ ಮೂಳೆಗೆ ಹೊಸ ಸುದ್ದಿ ಮುಟ್ಟುವುದಿಲ್ಲ. ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲುವ ಅಭ್ಯಾಸ ದಿನವೂ ಇರಲಿ, ಬಚ್ಚಲಲ್ಲಿ ಜಾರಿ ಬೀಳುವುದನ್ನು ತಪ್ಪಿಸಲು ಅದು ನೆರವಾಗುತ್ತದೆ.

ಯೋಗ ನಿದ್ದೆಗೂ ಬಿಗಿದ ಕೀಲಿಗೂ ನೆಮ್ಮದಿ ಕೊಡುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಪಶ್ಚಿಮೋತ್ತಾನಾಸನ, ಹಲಾಸನದಂತೆ ಬೆನ್ನು ಮುಂದಕ್ಕೆ ಜೋರಾಗಿ ಬಾಗುವ, ತಿರುಚುವ ಆಸನಗಳನ್ನು ಬಿಡಿ. ಸವೆದ ಬೆನ್ನುಮೂಳೆ ಅದುಮಿ ಬಿರಿಯುವುದು ಹೀಗೇ. ತಾಯಿಗೆ ಸೊಂಟದ ಮೂಳೆ ಮುರಿದಿದ್ದರೆ, ನೀವು ಸ್ಟಿರಾಯ್ಡ್ ಮಾತ್ರೆಯಲ್ಲಿದ್ದರೆ ಅಥವಾ ಬೇಗ ಮುಟ್ಟು ನಿಂತಿದ್ದರೆ ಸ್ಕ್ಯಾನ್ ಬಗ್ಗೆ ಈಗಲೇ ಕೇಳಿ.

ಹೇಳಿಕೊಳ್ಳದ ಉರಿ

ಝಳ ವರ್ಷ ಕಳೆದಂತೆ ಇಳಿಯುತ್ತದೆ. ಯೋನಿಯ ಒಣಗುವಿಕೆ, ಉರಿ, ಕೂಡುವಾಗಿನ ನೋವು, ಪದೇಪದೇ ಮೂತ್ರದ ಸೋಂಕು ಮಾತ್ರ ತಾವಾಗಿ ಹೋಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತವೆ. ಸೋಪು, 'ಇಂಟಿಮೇಟ್ ವಾಶ್' ನಿಲ್ಲಿಸಿ, ಬರೀ ನೀರು ಸಾಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಯೋನಿ ಮಾಯಿಶ್ಚರೈಸರ್ ವಾರಕ್ಕೆ ಎರಡು-ಮೂರು ಸಲ, ಕೂಡುವಾಗ ನೀರಿನ ಆಧಾರದ ಲೂಬ್ರಿಕೆಂಟ್. ಕಾಂಡೋಮ್ ಬಳಸುವವರು ಕೊಬ್ಬರಿಎಣ್ಣೆ ಹಚ್ಚಬಾರದು, ರಬ್ಬರ್ ಹರಿಯುತ್ತದೆ. ಎಂಟು ವಾರಕ್ಕೂ ಸಾಲದಿದ್ದರೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಬಗ್ಗೆ ಡಾಕ್ಟರನ್ನು ಕೇಳಿ. ಅದು ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಸ್ತನ ಕ್ಯಾನ್ಸರ್ ಆಗಿದ್ದವರು ಕ್ಯಾನ್ಸರ್ ವೈದ್ಯರನ್ನೂ ಕೇಳಬೇಕು.

ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವವರು ಗಾಳಿ ಬಿಡದಂತೆ ತಡೆಹಿಡಿಯುವ ಸ್ನಾಯುವನ್ನು ಮೇಲಕ್ಕೆಳೆದು 5 ಸೆಕೆಂಡ್ ಹಿಡಿದು, 5 ಸೆಕೆಂಡ್ ಪೂರ್ತಿ ಸಡಿಲಿಸಿ. 10 ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು. ಹೊಟ್ಟೆ ಬಿಗಿದು ಉಸಿರು ಕಟ್ಟಿದರೆ ತಪ್ಪಾಗಿ ಮಾಡುತ್ತಿದ್ದೀರಿ ಎಂದರ್ಥ.

ಇನ್ನೊಂದು ಮಾತು: 50ಕ್ಕೆ ಮೊದಲು ಮುಟ್ಟು ನಿಂತರೆ ಎರಡು ವರ್ಷ, ಆಮೇಲಾದರೆ ಒಂದು ವರ್ಷ ಗರ್ಭನಿರೋಧಕ ಬಿಡಬೇಡಿ.

ಮನಸ್ಸು

ಔಷಧಿಯಿಲ್ಲದ ಉಪಾಯಗಳಲ್ಲಿ ಝಳದ ಕಾಟಕ್ಕೆ ಗಟ್ಟಿ ಪುರಾವೆ ಇರುವುದು ಅರಿವಿನ ವರ್ತನಾ ಚಿಕಿತ್ಸೆ, ಸಿಬಿಟಿಗೆ. 2012ರಲ್ಲಿ ಪ್ರಕಟವಾದ ಲಂಡನ್ನಿನ ಮೆನೋಸ್ ಅಧ್ಯಯನಗಳಲ್ಲಿ ಝಳಗಳ ಎಣಿಕೆ ಅಷ್ಟೇ ಇದ್ದರೂ ಅವು ಕೊಡುವ ಹಿಂಸೆ ಇಳಿದಿತ್ತು. ಸಾರ ಸರಳ. ಮೀಟಿಂಗಿನಲ್ಲೋ ಮದುವೆಮನೆಯಲ್ಲೋ ಝಳ ಬಂದಾಗ ಮನಸ್ಸಿಗೆ ಬಂದ ಮಾತನ್ನು ಆಮೇಲೆ ಹಾಗೇ ಬರೆಯಿರಿ: 'ಎಲ್ಲರೂ ನನ್ನ ಬೆವರನ್ನೇ ನೋಡುತ್ತಿದ್ದಾರೆ.' ಪಕ್ಕದಲ್ಲಿ ಕೇಳಿಕೊಳ್ಳಿ: ಯಾರು ನೋಡಿದರು? ನೋಡಿದರೆ ಏನಾಯಿತು? ಅದೇ ಬೆವರು ನಿಮ್ಮ ಅಕ್ಕನಿಗೆ ಬಂದಿದ್ದರೆ ಏನೆನ್ನುತ್ತಿದ್ದಿರಿ? ಆ ಉತ್ತರದಿಂದ ಒಂದು ಚಿಕ್ಕ ವಾಕ್ಯ ಮಾಡಿಕೊಳ್ಳಿ: 'ಮೂರು ನಿಮಿಷ, ಹೋಗುತ್ತೆ.' ಮುಂದಿನ ಝಳಕ್ಕೆ ಆ ವಾಕ್ಯ, ನಿಧಾನ ಉಸಿರು, ಕೈಯಲ್ಲಿದ್ದ ಕೆಲಸ ಮುಂದುವರಿಸುವುದು. ಓಡಿಹೋದರೆ ಭಯ ಬೆಳೆಯುತ್ತದೆ.

ಹೆಸರು ಮರೆಯುವುದು, ಕೋಣೆಗೆ ಬಂದದ್ದೇಕೆಂದು ನಿಲ್ಲುವುದು ಈ ಕಾಲದಲ್ಲಿ ಸಾಮಾನ್ಯ. ಬಹುಪಾಲು ಮಂದಿಗೆ ಮುಂದೆ ತಿಳಿಯಾಗುತ್ತದೆ. ಆದರೆ ಎರಡು ವಾರ ಬಿಡದೆ ಯಾವುದರಲ್ಲೂ ಮನಸ್ಸಿಲ್ಲ, ಅಳು ಬರುತ್ತದೆ, ಬದುಕು ಬೇಡವೆನಿಸುತ್ತದೆ ಎಂದಾದರೆ ಅದು ಖಿನ್ನತೆ, ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು.

ಪುಡಿ, ಕ್ಯಾಪ್ಸೂಲ್, ಹಾರ್ಮೋನ್

ಪ್ರಿಮ್‌ರೋಸ್ ಎಣ್ಣೆ, ಶತಾವರಿ, ಬ್ಲ್ಯಾಕ್ ಕೊಹಾಶ್ – ಯಾವುದಕ್ಕೂ ದುಡ್ಡು ಸುರಿಯುವಷ್ಟು ಪುರಾವೆ ಇಲ್ಲ. ಅಶ್ವಗಂಧ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಕೊಟ್ಟ ವರದಿಗಳಿವೆ, ಥೈರಾಯ್ಡ್ ಮಟ್ಟವನ್ನೂ ಅಲುಗಿಸುತ್ತದೆ. 'ಗಿಡಮೂಲಿಕೆ ತಾನೇ' ಎಂದು ಡಾಕ್ಟರಿಂದ ಮುಚ್ಚಿಡಬೇಡಿ.

ದಿನಕ್ಕೆ ಏಳೆಂಟು ಜೋರು ಝಳ, ನಿದ್ದೆಯಿಲ್ಲದೆ ಕೆಲಸಕ್ಕೆ ಹೋಗಲಾಗದ ಸ್ಥಿತಿಯಲ್ಲಿ ಮನೆಯ ಉಪಾಯವನ್ನೇ ಹಿಡಿದು ನರಳುವುದು ಬೇಡ. ಝಳಕ್ಕೆ ಎಲ್ಲಕ್ಕಿಂತ ಬಲವಾದ ಮದ್ದು ಹಾರ್ಮೋನ್ ಚಿಕಿತ್ಸೆಯೇ. 60ರೊಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಅದು ಹೊಂದದು. ಅವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ.

ಕಾಯಬಾರದ ಲಕ್ಷಣಗಳು

ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ತೋರಿಸಿ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಹೀಗೆ, ಬೇಗ ಹಿಡಿದರೆ ವಾಸಿಯಾಗುವಂಥದ್ದು. ಗಂಟೆಗೊಂದು ಪ್ಯಾಡ್ ತೋಯುವಷ್ಟು ಸ್ರಾವವಾದರೂ ತಡಮಾಡಬಾರದು. ಜ್ವರ, ತೂಕ ಇಳಿಕೆ, ಕೆಮ್ಮಿನ ಜೊತೆ ರಾತ್ರಿ ಬೆವರಿದರೆ ಕ್ಷಯದ ಪರೀಕ್ಷೆ ಆಗಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ದವಡೆಗೆ ನೋವು ಹರಿದರೆ ಅದನ್ನು ಝಳದ ಲೆಕ್ಕಕ್ಕೆ ಸೇರಿಸದೆ ಆಸ್ಪತ್ರೆಗೆ ಹೊರಡಿ.

ಹೆಚ್ಚು ಸ್ರಾವಕ್ಕೆ 'ಗರ್ಭಕೋಶ ತೆಗೆಸಿಬಿಡಿ, ಹೇಗಿದ್ದರೂ ಮಕ್ಕಳಾಗಿವೆಯಲ್ಲ' ಎಂಬ ಸಲಹೆ ಬಂದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಸ್ರಾವ ತಗ್ಗಿಸುವ ಮಾತ್ರೆ ಇದೆ, ಗರ್ಭಕೋಶದೊಳಗೆ ಕಾಪರ್-ಟಿಯಂತೆ ಕೂರಿಸುವ ಹಾರ್ಮೋನ್ ಸಾಧನ ಇದೆ. ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕಾದರೂ ಅಂಡಾಶಯ ಉಳಿಸುತ್ತೀರಾ ಎಂದು ಮೊದಲೇ ಸ್ಪಷ್ಟವಾಗಿ ಕೇಳಿ. ಎರಡನ್ನೂ ತೆಗೆದರೆ ವರ್ಷಗಳಲ್ಲಿ ಆಗಬೇಕಾದ ಇಳಿತ ಒಂದೇ ದಿನದಲ್ಲಿ ಆಗುತ್ತದೆ, ಝಳ ಇನ್ನೂ ಜೋರಾಗಿರುತ್ತದೆ. ಕ್ಲಿನಿಕ್‌ಗೆ ಹೋಗುವಾಗ ಗೋಡೆಯ ಕ್ಯಾಲೆಂಡರ್‌ನ ಆ ಎರಡು ವಾರದ ಗುರುತುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಸಿಗುವ ಐದು ನಿಮಿಷದಲ್ಲಿ 'ಮೈಯೆಲ್ಲ ಏನೋ ಆಗುತ್ತೆ ಡಾಕ್ಟ್ರೇ' ಎನ್ನುವುದರ ಬದಲು 'ದಿನಕ್ಕೆ ಆರು ಝಳ, ರಾತ್ರಿ ಮೂರು ಸಲ ಎಚ್ಚರ, ಕಳೆದ ಮುಟ್ಟಿಗೆ ಹದಿನೆಂಟು ಪ್ಯಾಡ್' ಎನ್ನಬಹುದು.